ಚುಕವಲಿ ಅಂದೆನೋ, ಚೂಕ ಅಂದೆನೋ

ಬೀಡಿ, ತಾ. ಖಾನಾಪುರ
9 ಜೂನ್ 2025

ವಕೀಲ ಸಾಹೇಬರಿಗೆ ಬುರಾನುದ್ದೀನನ ಸಲಾಂ.

ಇಲ್ಲಿ ನಾನು, ಶಮಶಾದ, ಮೊಮ್ಮಗಳು ಅರ್ಶಿಯಾ ಮೂವರೂ ಆರಾಮ ಇದ್ದೇವೆ. ನಿಮಗೆ ಫೋನು ಮಾಡಿದರೆ ಕೇಳಿಸುವುದಿಲ್ಲ. ನಿಮ್ಮ ಮಗಳು ಪೂರ್ಣಿಮಾ ತಂಗಿಯ ಕೈಯಲ್ಲಿ ಹೇಳಿ ಕಳಿಸಿದರೆ ಅರ್ಧ ಮಾತನ್ನು ಆಕೆ ನುಂಗಿ ಉಳಿದರ್ಧ ನಿಮಗೆ ಹೇಳುತ್ತಾಳೆ. ಅದಕ್ಕೇ ಈ ಕಾಗದ.

ಚಂದಗಡ ಕೋರ್ಟಿನಿಂದ ನನ್ನ ಹೆಸರಿಗೆ ಸಮನ್ಸ್ ಬಂದಿದೆ. ಫೆಬ್ರುವರಿಯಲ್ಲಿ ಒಂದು ಮದುವೆ ಪಾರ್ಟಿಯನ್ನು ಆಂಬೋಲಿಗೆ ಬಿಟ್ಟು ಖಾಲಿ ಟ್ರ್ಯಾಕ್ಸ್ ತರುವಾಗ, ಪಾಟಣೆ ಫಾಟಾದ ಕ್ರಾಸಿನ ಈಚೆಗೆ, ಒಬ್ಬ ಮುದುಕಿಗೆ ಗಾಡಿ ತಾಗಿತು. ಆಕೆಯ ಪಾದದ ಎಲುಬು ಮುರಿಯಿತು. ನಾನೇ ಆಸ್ಪತ್ರೆಗೆ ಒಯ್ದೆ, ನಾನೇ ಠಾಣೆಗೂ ಹೋದೆ. ಅಲ್ಲೇ ಜಾಮೀನು ಕೊಟ್ಟು ಕಳಿಸಿದರು. ನಿಮಗೆ ಮಾತ್ರ ತಿಳಿಸಲಿಲ್ಲ. ಮೂವತ್ತೊಂದು ವರ್ಷ ನಿಮ್ಮ ಗಾಡಿ ಹೊಡೆದವನು ಒಂದು ಕೋಳಿಗೂ ತಾಗಿಸಿದವನಲ್ಲ. ಅರವತ್ತಮೂರನೇ ವಯಸ್ಸಿನಲ್ಲಿ ಇದನ್ನು ನಿಮ್ಮ ಮುಂದೆ ಹೇಳಲು ನಾಚಿಕೆಯಾಯಿತು.

ತಾರೀಖು ಆಗಸ್ಟ್ ಆರಕ್ಕಿದೆ. ಖಾನಾಪುರ ಸ್ಟ್ಯಾಂಡಿನ ಹುಡುಗರದ್ದೆಲ್ಲ ಒಂದೇ ಮಾತು: “ಚಾಚಾ, ಕಬೂಲ ಅನ್ರಿ, ದಂಡ ಒಗೀರಿ, ಮಧ್ಯಾಹ್ನದಾಗ ಮನಿಗೆ ಬರ್ರಿ. ಮಹಾರಾಷ್ಟ್ರದ ಕೋರ್ಟಿಗೆ ಹತ್ತ ಸಲ ಯಾರ ಅಡ್ಡಾಡ್ತಾರ?” ನನಗೂ ಅದೇ ಸರಿ ಅನಿಸುತ್ತದೆ. ಆದರೆ ನೀವು ಜೀವನವಿಡೀ ಆ ಒಂದು ಮಾತಿನ ವಿರುದ್ಧ ಜಗಳಾಡಿದವರು. ನಾನು ಅದನ್ನು ಒಮ್ಮೆ ಮಾತ್ರ ಅಂದಿದ್ದೇನೆ, ನಿಕಾಹದ ದಿನ. ಮೂವತ್ತೆಂಟು ವರ್ಷವಾದರೂ ಶಮಶಾದ ಅದನ್ನು ಎತ್ತಿ ಆಡುವುದು ಬಿಟ್ಟಿಲ್ಲ. ಎರಡನೇ ಸಲ ಅನ್ನಬಹುದೇ, ತಿಳಿಸಿ.

ನಿಮ್ಮ
ಬುರಾನುದ್ದೀನ


ಕ್ಯಾಂಪ್, ಬೆಳಗಾವಿ
13 ಜೂನ್ 2025

ಬುರಾನ್, ಶರಣು.

ಸಮನ್ಸಿಗಿಂತ ನಿನ್ನ ಕಾಗದವೇ ನನಗೆ ಹೆಚ್ಚು ಸಿಟ್ಟು ತರಿಸಿತು. ನಾಲ್ಕು ತಿಂಗಳು! ನನ್ನ ಕಿವಿ ಹೋಗಿದೆ, ನಾನು ಹೋಗಿಲ್ಲ.

ಕಬೂಲ ಅನ್ನಬೇಡ. ಹಿಂದಿನ ಬೆಂಚಿನ ಮೇಲೆ ಕೂತು ನೂರಾರು ಕೇಸು ನೋಡಿದ ನಿನಗೆ ಇದನ್ನು ಬರೆದು ಹೇಳಬೇಕೇ? ಈರಣ್ಣ ನೆನಪಿದ್ದಾನೆಯೇ, ಕಿತ್ತೂರಿನ ಲಾರಿಯವನು? ಕುಡಾಳದ ಕೋರ್ಟಿನಲ್ಲಿ ನಾನು ತಲುಪುವ ಮೊದಲೇ ಕಬೂಲ ಅಂದು ದಂಡ ಕಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ನಮಗೇ ಭಜಿ ತಿನ್ನಿಸಿದ. ಆರು ವರ್ಷದ ಮೇಲೆ ಬಸ್ಸಿನ ನೌಕರಿ ಕೈಗೆ ಬಂದಾಗ ಆ ಒಂದು ಮಾತೇ ಅಡ್ಡ ಬಂತು. ಪರರಾಜ್ಯದ ಡ್ರೈವರನಿಗೆ ಕೋರ್ಟು ದೂರ, ಭಾಷೆ ಬೇರೆ, ಮನೆಗೆ ಹೋಗುವ ಅವಸರ. ಆ ಅವಸರದಲ್ಲೇ ಅವನು ಸೋಲುತ್ತಾನೆ.

ನಿನ್ನದು ಬರೀ ದಂಡದಲ್ಲಿ ಮುಗಿಯುವುದಿಲ್ಲ. ಎಲುಬು ಮುರಿದಿದೆ. ಗುನ್ಹೆ ಒಪ್ಪಿದರೆ ಲೈಸನ್ಸು ತಡೆಹಿಡಿಯುವ ಅಧಿಕಾರ ಕೋರ್ಟಿಗಿದೆ. ಆ ಆದೇಶ ನಮ್ಮ ಆರ್‌ಟಿಓಗೆ ಬರುತ್ತದೆ, ಈ ವಯಸ್ಸಿನಲ್ಲಿ ಹೋದದ್ದು ತಿರುಗಿ ಸಿಗುವುದಿಲ್ಲ. ಸ್ಟೇರಿಂಗ್ ಬಿಟ್ಟ ಬುರಾನುದ್ದೀನ ಏನು ಮಾಡುತ್ತಾನೆ ಎಂದು ಯೋಚಿಸಿದ್ದೀಯಾ? ಕೋಟು ಕಳಚಿದ ಗುರುಪುತ್ರಪ್ಪ ಏನು ಮಾಡುತ್ತಾನೆ ಎಂದು ನನ್ನನ್ನು ಕೇಳು. ದಿನಕ್ಕೆ ಮೂರು ಸಲ ಪೇಪರ್ ಓದುತ್ತಾನೆ, ಟೆಂಡರ್ ಜಾಹೀರಾತು ಸಹಿತ. ಮೂರು ವರ್ಷದಿಂದ ಇದೇ ಉದ್ಯೋಗ.

ಆಫೀಸು ಈಗ ಪೂರ್ಣಿಮಾಳದು. ಕೋರ್ಟಿನಲ್ಲಿ ಅವಳು ನಿಲ್ಲುತ್ತಾಳೆ, ಹಿಂದಿನಿಂದ ನಾನು ಹೇಳಿಕೊಡುತ್ತೇನೆ. ನನ್ನ ಹಳೆಯ ನಿಯಮ ನಿನಗೂ ಇದೆ. ಆ ದಿನ ಏನಾಯಿತೆಂದು ಮೊದಲಿಂದ ಕೊನೆಯವರೆಗೆ ಸ್ವಂತ ಕೈಯಿಂದ ಬರೆದು ಕಳಿಸು. ಅಂದಹಾಗೆ, ನಿನ್ನ ಅಕ್ಷರ ಇಷ್ಟು ದುಂಡಗೆ ಯಾವಾಗ ಆಯಿತು? ಪೆಟ್ರೋಲ್ ಲೆಕ್ಕ ಬರೆಯುವಾಗ ಇರುವೆ ಹರಿದಾಡಿದ ಹಾಗಿರುತ್ತಿತ್ತು.

ನಿನ್ನೆ ನಮ್ಮ ಪದ್ಮಿನಿಯ ಕೀಲಿ ಡ್ರಾವರಿನಲ್ಲಿ ಸಿಕ್ಕಿತು. ಗಾಡಿ ಗುಜರಿಗೆ ಹೋಗಿ ಎಷ್ಟು ಕಾಲವಾಯಿತು! ಅರ್ಧ ತಾಸು ಕೈಯಲ್ಲಿ ಹಿಡಿದು ಕೂತಿದ್ದೆ.

ಗುರುಪುತ್ರಪ್ಪ


ಬೀಡಿ
21 ಜೂನ್ 2025

ವಕೀಲ ಸಾಹೇಬರಿಗೆ ಸಲಾಂ.

ಬೈದು ಬರೆದಿರಿ, ಮನಸ್ಸು ಹಗುರಾಯಿತು. ಮೂರು ವರ್ಷದಿಂದ ನನ್ನನ್ನು ಯಾರೂ ನೆಟ್ಟಗೆ ಬೈದಿರಲಿಲ್ಲ, ಶಮಶಾದಳನ್ನು ಬಿಟ್ಟರೆ.

ಆ ದಿನದ್ದು ಹೀಗೆ. ಫೆಬ್ರುವರಿ ಹದಿನಾರು, ಸಂಜೆ ಐದರ ಸುಮಾರು. ಬಿಸಿಲು ಬೆನ್ನಿಗಿತ್ತು, ರಸ್ತೆ ಸ್ವಚ್ಛ ಇತ್ತು. ಗಾಡಿ ನಲವತ್ತರ ಮೇಲೆ ಇರಲಿಲ್ಲ. ಬಲಗಡೆಯ ಗದ್ದೆಯಿಂದ ಒಂದು ಎಮ್ಮೆ ನುಗ್ಗಿತು. ನಾನು ಎಡಕ್ಕೆ ತಿರುಗಿಸಿದೆ. ಎಮ್ಮೆ ಉಳಿಯಿತು. ಎಡಗಡೆ ಆಕೆ ಇದ್ದಳು, ತಲೆಯ ಮೇಲೆ ಕಟ್ಟಿಗೆಯ ಹೊರೆ. ಬ್ರೇಕು ಒತ್ತಿದೆ, ಆದರೂ ಬಂಪರಿನ ಮೂಲೆ ತಾಗಿತು.

ಹೆಸರು ರೇಣವ್ವ. ನಮ್ಮ ಕಡೆಯವಳೇ, ನಂದಗಡದ ಹೆಣ್ಣುಮಗಳು. ಮದುವೆಯಾಗಿ ಆ ಕಡೆ ಹೋಗಿ ನಲವತ್ತು ವರ್ಷವಾಯಿತಂತೆ. ರಸ್ತೆಯ ಆಚೆ ಒಂದು ಚಹಾದ ಅಂಗಡಿ ಇತ್ತು. ಅಂಗಡಿಯವ ಓಡಿ ಬಂದು ಏನಾಯಿತೆಂದು ಕೇಳಿದ. ನಾನು ನನ್ನ ಮರಾಠಿಯಲ್ಲಿ ಏನೋ ಹೇಳಿದೆ. ಇಬ್ಬರೂ ಕೂಡಿ ಆಕೆಯನ್ನು ಗಾಡಿಯಲ್ಲಿ ಮಲಗಿಸಿದೆವು. ಇಷ್ಟೇ.

ಪಾಟಣೆ ಫಾಟಾ ಅಂದ ಕೂಡಲೇ ನಿಮಗೂ ಅದೇ ನೆನಪಾಗಿರಬೇಕು. ಅಲ್ಲೇ ಅಲ್ಲವೇ ನಾವು ಬುತ್ತಿ ಬಿಚ್ಚುತ್ತಿದ್ದದ್ದು? ನಿಮ್ಮ ಮನೆಯವರು, ನಿಂಗವ್ವ ತಾಯಿ, ಎರಡು ಗಂಟು ಕಟ್ಟುತ್ತಿದ್ದರು, ನನ್ನದರಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚು. ನೀವು ಎಣಿಸಿ ತಕರಾರು ತೆಗೆಯುತ್ತಿದ್ದಿರಿ. ಅವರು ಹೋದ ಮೇಲೆ ಆ ರಸ್ತೆಯಲ್ಲಿ ನಾನು ಊಟಕ್ಕೆ ಗಾಡಿ ನಿಲ್ಲಿಸಿಯೇ ಇಲ್ಲ.

ನಿಮ್ಮ
ಬುರಾನುದ್ದೀನ


ಕ್ಯಾಂಪ್, ಬೆಳಗಾವಿ
29 ಜೂನ್ 2025

ಬುರಾನ್,

ಕುಳಿತು ಓದು, ನಿಂತು ಓದಬೇಡ. ಕೇಸು ನಮ್ಮ ಕೈಯಲ್ಲಿದೆ.

ಪೂರ್ಣಿಮಾ ಚಂದಗಡಕ್ಕೆ ಹೋಗಿ ಕಾಗದಪತ್ರದ ನಕಲು ತಂದಳು. ರೇಣವ್ವ ಹೇಳಿದ್ದು ಇಷ್ಟೇ: ತಾನು ಹೊರೆ ಹೊತ್ತಿದ್ದೆ, ಬೆನ್ನು ಮಾಡಿದ್ದೆ, ಗಾಡಿ ನೋಡಿಲ್ಲ. ಉಳಿದವನು ಆ ಚಹಾದ ಅಂಗಡಿಯವ. ಅವನೂ ತಾಗಿದ್ದನ್ನು ನೋಡಿಲ್ಲ, ಸಪ್ಪಳ ಕೇಳಿ ಓಡಿ ಬಂದವನು. ಆದರೆ ಬಂದಾಗ ನಿನ್ನ ಬಾಯಿಂದ ಒಂದು ಮಾತು ಕೇಳಿದನಂತೆ: “ಮಾಝಿ ಚೂಕ ಝಾಲಿ.” ನನ್ನ ತಪ್ಪಾಯಿತು, ಅಂತ. ಪೊಲೀಸರ ಮುಂದೆ ಹೇಳಿದ್ದನ್ನು ಕೋರ್ಟು ಹಿಡಿಯುವುದಿಲ್ಲ. ಹಾದಿಹೋಕನ ಮುಂದೆ ಹೇಳಿದ್ದನ್ನು ಹಿಡಿಯಬಹುದು. ಅವರ ಇಡೀ ಕೇಸು ಈ ಮೂರು ಶಬ್ದದ ಮೇಲೆ ನಿಂತಿದೆ.

ಎರಡು ದಿನ ಆ ಸಾಲನ್ನೇ ನೋಡುತ್ತ ಕೂತಿದ್ದೆ. ಮೂರನೇ ದಿನ ಸ್ನಾನದ ಮನೆಯಲ್ಲಿ ಹೊಳೆಯಿತು. ಎಮ್ಮೆ! ಎಮ್ಮೆಯನ್ನು ತಪ್ಪಿಸಿದೆ ಎಂದು ನೀನು ಮರಾಠಿಯಲ್ಲಿ ಹೇಗೆ ಹೇಳುತ್ತೀ? “ಮ್ಹೈಸ ಚುಕವಲಿ.” ಬಾಯಿ ಬಿಟ್ಟು ಅಂದು ನೋಡು. ಮ್ಹೈಸ ಚುಕವಲಿ. ಮಾಝಿ ಚೂಕ ಝಾಲಿ. ರಸ್ತೆಯಾಚೆ ಪಂಪಿನ ಒಲೆ ಬುಸುಗುಡುವಾಗ, ಖಾನಾಪುರದ ಮರಾಠಿಯಲ್ಲಿ, ಗಾಬರಿಯಲ್ಲಿ ಅಂದದ್ದು ಅವನ ಕಿವಿಗೆ ಯಾವುದಾಗಿ ಬಿದ್ದಿತು ಎಂದು ಯಾರು ಹೇಳಬಲ್ಲರು? ನಮ್ಮ ಕನ್ನಡದಲ್ಲೂ ಇದೇ ಫಜೀತಿ. ತಪ್ಪಿಸಿದೆ ಅಂದವನು ಜಾಣ, ತಪ್ಪಿದೆ ಅಂದವನು ಅಪರಾಧಿ.

ಕಿವಿಯ ಮೇಲೆ ನಿಂತ ಕೇಸು, ಕಿವುಡ ವಕೀಲ! ನಗು ಬಂತು. ಅಡಿಗೆಯ ಹೆಣ್ಣುಮಗಳು ಒಳಗಿನಿಂದ ಓಡಿ ಬಂದು ನೋಡಿ ಹೋದಳು. ಕಪಾಟಿನಿಂದ ಕೋಟು ತೆಗೆದು ಬಿಸಿಲಿಗೆ ಹಾಕಿದ್ದೇನೆ. ಹಾಕಿಕೊಳ್ಳಲಿಕ್ಕಲ್ಲ, ಸುಮ್ಮನೆ.

ಒಂದೇ ಸಾಲಿನ ಉತ್ತರ ಸಾಕು. ನೀನು ಅಂದದ್ದು ‘ಚುಕವಲಿ’ ತಾನೇ?

ಗುರುಪುತ್ರಪ್ಪ


ಬೀಡಿ
5 ಜುಲೈ 2025

ವಕೀಲ ಸಾಹೇಬರಿಗೆ ಸಲಾಂ.

ನಿಮ್ಮ ಕಾಗದವನ್ನು ಅಂಗಳದಲ್ಲಿ ಕೂತು ಎರಡು ಸಲ ಓದಿಸಿ ಕೇಳಿದೆವು. ಶಮಶಾದ ಇಡೀ ದಿನ ಮ್ಹೈಸ ಚುಕವಲಿ, ಮಾಝಿ ಚೂಕ ಝಾಲಿ ಎಂದು ಅಂದು ಅಂದು ನಕ್ಕಳು. ಆಕೆಗೆ ಎರಡೂ ಒಂದೇ ಹಾಗೆ ಕೇಳುತ್ತದಂತೆ.

ಪೂರ್ಣಿಮಾ ತಂಗಿ ಮೊನ್ನೆ ಅರ್ಶಿಯಾಗೆ ಫೋನು ಮಾಡಿದ್ದಳು. “ಅಪ್ಪಾರು ಮೂರ ವರ್ಷದ ಮ್ಯಾಲೆ ಮುಂಜಾನೆ ಆರಕ್ಕ ಎದ್ದು ಗಡ್ಡಾ ಮಾಡ್ಕೊಂಡಾರ. ನನಗ ಅಡ್ಡಪ್ರಶ್ನೆ ಬರಸಾಕತ್ತಾರ,” ಅಂದಳಂತೆ. ಕೇಳಿ ಬಹಳ ಸಂತೋಷವಾಯಿತು. ಹಳೆಯ ಸಾಹೇಬರು ತಿರುಗಿ ಬಂದರು ಅನಿಸಿತು.

ಆ ಸಾವಂತವಾಡಿಯ ದಿನ ನೆನಪಾಯಿತು. ತಂಬಾಕಿನ ಟೆಂಪೊದವನ ಕೇಸು ಗೆದ್ದು ಹೊರಗೆ ಬಂದಿರಿ. ಆಂಬೋಲಿ ಘಾಟಿನಲ್ಲಿ ಮಂಜು, ಮುಂದೆ ಒಂದು ಮಾರು ಕಾಣುತ್ತಿರಲಿಲ್ಲ. ನೀವು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ “ಎಡಕ್ಕ ಕಲ್ಲ ಐತಿ, ಬಲಕ್ಕ ತೊಗೋ” ಎಂದು ಕೂಗುತ್ತ ಬಂದಿರಿ. ಘಾಟು ಹತ್ತುವವರೆಗೂ ನಿಮ್ಮ ಕಣ್ಣಿನ ಮೇಲೆ ಗಾಡಿ ಹೊಡೆದೆ. ನಾನು ಹುಷಾರಿಯಿಂದ ಹೊಡೆದೆನೆಂದು ಊರೆಲ್ಲ ಹೊಗಳಿದಿರಿ, ನಿಮ್ಮ ಹೆಸರು ಹೇಳಲೇ ಇಲ್ಲ.

ನಾನು ಆ ಹೊತ್ತಿನಲ್ಲಿ ಏನಂದೆನೋ, ಗಾಬರಿ ಇತ್ತು. ನೀವು ಅಂದ ಹಾಗೆಯೇ ಇರಬಹುದು. ನಿಮಗಿಂತ ಹೆಚ್ಚು ನನಗೇನು ತಿಳಿಯುತ್ತದೆ?

ನಿಮ್ಮ
ಬುರಾನುದ್ದೀನ


ಕ್ಯಾಂಪ್, ಬೆಳಗಾವಿ
11 ಜುಲೈ 2025

ಬುರಾನ್,

‘ಇರಬಹುದು’ ಎಂಬ ಶಬ್ದವನ್ನು ಕೋರ್ಟಿನಲ್ಲಿ ಬಳಸಬೇಡ. ನಿನಗೆ ಅಂಜಿಕೆ ಎಂದು ಗೊತ್ತಾಗುತ್ತದೆ. ಗಟ್ಟಿಯಾಗಿ ‘ಚುಕವಲಿ’ ಅನ್ನು. ದಿನಾ ಮುಂಜಾನೆ ಹತ್ತು ಸಲ ಅಂದು ರೂಢಿ ಮಾಡಿಕೋ.

ಆರನೇ ತಾರೀಖು ಹೀಗೆ ನಡೆಯುತ್ತದೆ. ಮ್ಯಾಜಿಸ್ಟ್ರೇಟರು ಕೇಳುತ್ತಾರೆ: “ಗುನ್ಹಾ ಕಬೂಲ ಆಹೇ ಕಾ?” ಗುನ್ಹೆ ಒಪ್ಪುತ್ತೀಯಾ, ಅಂತ. ನೀನು “ನಾಹಿ” ಅನ್ನುತ್ತೀ. ಅವತ್ತಿಗೆ ಅಷ್ಟೇ. ಮುಂದಿನ ತಾರೀಖುಗಳಿಗೆ ನೀನು ಖುದ್ದು ಬರದಂತೆ ಪೂರ್ಣಿಮಾ ಅರ್ಜಿ ಕೊಡುತ್ತಾಳೆ. ಚಹಾದವನ ಸಾಕ್ಷಿಯ ದಿನ ಅವಳು ಅವನನ್ನು ಹಿಡಿಯುತ್ತಾಳೆ: ಒಲೆ ಉರಿಯುತ್ತಿತ್ತೇ, ಎಷ್ಟು ಹೆಜ್ಜೆ ದೂರವಿದ್ದೆ, ಎಮ್ಮೆ ನೋಡಿದೆಯಾ, ಕರ್ನಾಟಕದವರು ಮರಾಠಿ ಆಡುವ ರೀತಿ ನಿನಗೆ ರೂಢಿಯೇ? ಹದಿನೇಳು ಪ್ರಶ್ನೆ ಬರೆಸಿದ್ದೇನೆ. ಇಷ್ಟು ಚೆಂದದ ಪ್ರಶ್ನೆ ನಾನು ಇಪ್ಪತ್ತು ವರ್ಷದಲ್ಲಿ ಬರೆದಿರಲಿಲ್ಲ.

ಇನ್ನೊಂದು ಸಣ್ಣ ಕೆಲಸ. ಅರವತ್ತು ದಾಟಿದ ಡ್ರೈವರ್ ಎಂದರೆ ಎದುರಿನವರು ಮೊದಲು ಕೇಳುವುದು ಕಣ್ಣು. ಖಾನಾಪುರದಲ್ಲಾಗಲಿ ಇಲ್ಲಾಗಲಿ ಒಬ್ಬ ಡಾಕ್ಟರರಿಂದ ಕಣ್ಣಿನ ಸರ್ಟಿಫಿಕೇಟು ತೆಗೆದಿಡು. ಅವರ ಬಾಯಿ ಮುಚ್ಚಿಸಲಿಕ್ಕೆ ಅಷ್ಟೇ. ಮೈಲುಗಲ್ಲಿನ ಅಕ್ಷರವನ್ನು ನನಗಿಂತ ಮೊದಲು ಓದುತ್ತಿದ್ದವನು ನೀನು, ನಿನಗೇನು ಕಷ್ಟ?

ವಾಪಸು ಅಂಚೆಗೆ ಕಳಿಸು.

ಗುರುಪುತ್ರಪ್ಪ


ಕ್ಯಾಂಪ್, ಬೆಳಗಾವಿ
23 ಜುಲೈ 2025

ಬುರಾನ್,

ಹನ್ನೆರಡು ದಿನವಾಯಿತು. ಸರ್ಟಿಫಿಕೇಟೂ ಇಲ್ಲ, ಕಾಗದವೂ ಇಲ್ಲ. ಅರ್ಶಿಯಾಗೆ ಫೋನು ಮಾಡಿಸಿದರೆ “ಅಜ್ಜಾ ಹೊಲದಾಗ ಅದಾರ್ರಿ” ಅನ್ನುತ್ತಾಳಂತೆ. ಮಳೆಗಾಲದಲ್ಲಿ ಹನ್ನೆರಡು ದಿನ ಹೊಲದಲ್ಲಿ ಏನು ಮಾಡುತ್ತೀ?

ನನ್ನ ಮಾತಿನಲ್ಲಿ ಏನಾದರೂ ಮನಸ್ಸಿಗೆ ಹತ್ತಿದ್ದರೆ ಬರೆ. ಬೈದದ್ದು ಹೆಚ್ಚಾಗಿದ್ದರೆ ಅದನ್ನೂ ಬರೆ.

ಗು.


ಬೀಡಿ
26 ಜುಲೈ 2025

ವಕೀಲ ಸಾಹೇಬರಿಗೆ ಸಲಾಂ.

ಇದು ನನ್ನ ಅಕ್ಷರವಲ್ಲ. ಮೊದಲ ಕಾಗದದಿಂದಲೂ ಅಲ್ಲ. ನಾನು ಹೇಳುತ್ತೇನೆ, ಅರ್ಶಿಯಾ ಬರೆಯುತ್ತಾಳೆ. ನಿಮ್ಮ ಕಾಗದಗಳನ್ನೂ ಅವಳೇ ಓದಿ ಹೇಳುತ್ತಾಳೆ. ಚಾಳೀಸಿನ ಕನ್ನಡಕ ಒಡೆದಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೆ.

ಹೋದ ನವೆಂಬರಿನಲ್ಲಿ ಬೆಳಗಾವಿಗೆ ಬಂದು ಕಣ್ಣು ತೋರಿಸಿದ್ದೆ. ನಿಮ್ಮ ಮನೆಯ ಮುಂದಿನಿಂದಲೇ ಹೋದೆ, ಒಳಗೆ ಬರಲಿಲ್ಲ. ಡಾಕ್ಟರು ಕಣ್ಣಿನ ನರ ಒಣಗುತ್ತಿದೆ ಎಂದರು. ಎಡಗಣ್ಣಿನ ಬಾಜುವಿನ ನೋಟ ಪೂರ್ತಿ ಹೋಗಿದೆ, ಬಲಗಣ್ಣಿನದು ಹೋಗುತ್ತಿದೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಉಳಿಸಬಹುದು. “ಗಾಡಿ ಇವತ್ತಿಗೆ ಬಂದ್ ಮಾಡ್ರಿ,” ಅಂದರು. ಆಗಲಿ ಅಂದು ಹೊರಗೆ ಬಂದೆ. ಟ್ರ್ಯಾಕ್ಸ್ ಹೊಡೆದುಕೊಂಡೇ ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ಇದನ್ನು ಬರೆಯುವಾಗ ಅರ್ಶಿಯಾ ಪೆನ್ನು ಕೆಳಗಿಟ್ಟು ಎದ್ದು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಮತ್ತೆ ಕೂತಿದ್ದಾಳೆ. ನನ್ನ ಕೂಡ ಮಾತಾಡುತ್ತಿಲ್ಲ, ಬರೆಯುತ್ತಿದ್ದಾಳೆ.

ಎಮ್ಮೆ ಬಂದದ್ದು ಖರೇ. ಎಡಕ್ಕೆ ತಿರುಗಿಸಿದ್ದೂ ಖರೇ. ಆದರೆ ಆಕೆ ಯಾವುದರ ಮರೆಯಲ್ಲೂ ಇರಲಿಲ್ಲ, ಸಾಹೇಬರೆ. ಬಯಲಿನಲ್ಲಿ ಇದ್ದಳು. ಹತ್ತು ವರ್ಷದ ಹಿಂದಿನ ಬುರಾನುದ್ದೀನನಿಗೆ ಆಕೆ ಒಂದು ಫರ್ಲಾಂಗ್ ದೂರದಿಂದ ಕಾಣುತ್ತಿದ್ದಳು. ಬಿದ್ದಲ್ಲಿಂದ ತಲೆ ಎತ್ತಿ ಆಕೆ ಅಂದದ್ದು ಒಂದೇ ಮಾತು: “ಯಪ್ಪಾ, ನಾ ನಿನಗ ಕಾಣ್ಲೇ ಇಲ್ಲೇನು?” ಬೈಯಲಿಲ್ಲ, ಅಳಲಿಲ್ಲ. ನಾನು ಉತ್ತರ ಕೊಡಲಿಲ್ಲ. ಚಹಾದವನು ಕೇಳಿದಾಗ ಮಾತ್ರ ಬಾಯಿ ಬಂತು. ಅಂದದ್ದು ‘ಚೂಕ ಝಾಲಿ’. ಅವನ ಕಿವಿ ಸರಿಯಾಗಿಯೇ ಇದೆ.

ನೀವು ಕೇಳಿದಾಗಲೇ ಹೇಳಬೇಕಿತ್ತು. ಆದರೆ ನಿಮ್ಮ ಕಾಗದದಲ್ಲಿ ಎಷ್ಟು ಖುಷಿ ಇತ್ತು! ಕೋಟು ಬಿಸಿಲಿಗೆ ಹಾಕಿದ್ದೇನೆ ಎಂದು ಬರೆದಿರಿ. ಆ ಕೋಟನ್ನು ಮತ್ತೆ ಕಪಾಟಿಗೆ ಹೇಗೆ ಕಳಿಸಲಿ? ಅದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಹೇಡಿತನ. ಲೈಸನ್ಸು ಹೋಗುತ್ತದೆ ಎಂದು ನೀವು ಬರೆದ ದಿನದಿಂದ ನಿದ್ದೆ ಇಲ್ಲ. ನನಗೆ ಶಾಲೆ ತಲೆಗೆ ಹತ್ತಲಿಲ್ಲ, ಹೊಲ ಒಗ್ಗಲಿಲ್ಲ, ಬಂದದ್ದು ಅದೊಂದೇ. ಅದೂ ಹೋದರೆ ಈ ಊರಿನಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ?

ನೀವು ‘ಚುಕವಲಿ’ ಅನ್ನು ಅಂದರೆ ಅನ್ನುತ್ತೇನೆ. ನಿಮ್ಮ ಮಾತು ಮೀರಿ ನನಗೆ ರೂಢಿ ಇಲ್ಲ.

ನಿಮ್ಮ
ಬುರಾನುದ್ದೀನ


ಕ್ಯಾಂಪ್, ಬೆಳಗಾವಿ
30 ಜುಲೈ 2025

ಪ್ರಿಯ ಬುರಾನ್,

ಅರ್ಶಿಯಾ, ಇದನ್ನು ಓದುವಾಗ ನಿನ್ನ ಅಜ್ಜನ ಪಕ್ಕದಲ್ಲಿ ಕೂತು ಓದವ್ವಾ. ಸಿಟ್ಟು ಆಮೇಲೆ ಮಾಡು.

ಬುರಾನ್, ನಿನಗೊಂದು ಹೇಳುವುದಿದೆ. ನಾನು ವಯಸ್ಸಾಯಿತೆಂದು ಕೋರ್ಟು ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ. ಅದು ಸುಳ್ಳು. ಲಕ್ಷ್ಮಣ ನೆನಪಿದ್ದಾನಲ್ಲ, ಹಾಲಿನ ಗಾಡಿಯವನು, ಕಣಕವಲಿಯ ಕೇಸು? ನೀನು ಹೊರಗೆ ಗಾಡಿ ತೊಳೆಯುತ್ತಿದ್ದೆ. ಕಿವಿ ಹೋಗುತ್ತಿದೆ ಎಂದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ತುಟಿ ನೋಡಿ, ಅಂದಾಜು ಮಾಡಿ, ತಲೆಯಾಡಿಸಿ ನಡೆಸಿದ್ದೆ. ಮುಖ್ಯ ಸಾಕ್ಷಿ ಮುಗಿದ ಮೇಲೆ ನ್ಯಾಯಾಧೀಶರು ಏನೋ ಕೇಳಿದರು. ನಾನು ಹೌದು ಸ್ವಾಮಿ ಎಂದೆ. ಅವರು ಕೇಳಿದ್ದು ನಿಮ್ಮ ಪ್ರಶ್ನೆ ಏನೂ ಇಲ್ಲವೇ ಎಂದು. ಒಂದೂ ಪ್ರಶ್ನೆ ಕೇಳದೆ ಸಾಕ್ಷಿ ಇಳಿದು ಹೋದ. ಲಕ್ಷ್ಮಣ ಮೂರು ತಿಂಗಳು ಒಳಗೆ ಕೂತ. ಬಿಡುಗಡೆಯಾದ ದಿನ ನನ್ನ ಕಾಲು ಮುಟ್ಟಿ, “ನೀವರೇ ಏನ್ ಮಾಡ್ತೀರಿ ಸಾಹೇಬ್ರ, ನನ್ನ ನಸೀಬ,” ಅಂದ. ನಾನು ಸುಮ್ಮನಿದ್ದೆ. ಇವತ್ತಿನವರೆಗೂ ಸುಮ್ಮನಿದ್ದೇನೆ.

ನೀನು ನವೆಂಬರಿನಿಂದ ಫೆಬ್ರುವರಿವರೆಗೆ ಮಾಡಿದ್ದನ್ನು ನಾನು ಎರಡು ವರ್ಷ ಮಾಡಿದೆ. ನಿನ್ನನ್ನು ಬೈಯಲು ನನಗೆ ಯಾವ ಹಕ್ಕೂ ಇಲ್ಲ.

ಇನ್ನು ಕಾಯದೆ. ಅನ್ನದ ಮಾತನ್ನು ಅಂದೆ ಎಂದು ಹೇಳುವುದು ಸುಳ್ಳು. ಆ ಸುಳ್ಳಿನ ಮೇಲೆ ನನ್ನ ಮಗಳು ನಿಲ್ಲುವುದಿಲ್ಲ. ನಾನೂ ನಿಲ್ಲಿಸುವುದಿಲ್ಲ. ಆ ಹದಿನೇಳು ಪ್ರಶ್ನೆ ಹರಿದು ಹಾಕಿದೆ. ಹರಿಯುವಾಗ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸುಮ್ಮನಿರುವುದು ಸುಳ್ಳಲ್ಲ, ಅದು ಆರೋಪಿಯ ಹಕ್ಕು. “ನಾಹಿ” ಅಂದು ಸುಮ್ಮನೆ ನಿಂತರೆ ಅವರೇ ಸಾಬೀತು ಮಾಡಬೇಕು. ಒಬ್ಬ ಚಹಾದವನ ಮಾತಿನ ಮೇಲೆ ಸಾಬೀತಾಗದೆಯೂ ಹೋಗಬಹುದು. ಆಗ ಲೈಸನ್ಸು ನಿನ್ನಲ್ಲೇ ಉಳಿಯುತ್ತದೆ. ವಕೀಲನಾಗಿ ನನ್ನ ಸಲಹೆ ಇದೇ, ಸುಮ್ಮನಿರು.

ಗೆಳೆಯನಾಗಿ ಏನೂ ಹೇಳುವುದಿಲ್ಲ. ಅದನ್ನು ನೀನೇ ಅನ್ನಬೇಕು. ಪೂರ್ಣಿಮಾ ಕಾರು ತರುತ್ತಾಳೆ, ಖಾನಾಪುರ ಸ್ಟ್ಯಾಂಡಿನಲ್ಲಿ ಏಳೂವರೆಗೆ ನಿಂತಿರು. ನಾನೂ ಬರುತ್ತೇನೆ. ಈ ಸಲ ಹಿಂದಿನ ಬೆಂಚಿನ ಮೇಲೆ ನಾನು ಕೂಡುತ್ತೇನೆ.

ನಿನ್ನ
ಗುರುಪುತ್ರಪ್ಪ


ಕ್ಯಾಂಪ್, ಬೆಳಗಾವಿ
8 ಆಗಸ್ಟ್ 2025

ಪ್ರಿಯ ಬುರಾನ್,

ಮೊನ್ನೆಯಿಂದ ನನಗೆ ತಡೆಯಲಾಗುತ್ತಿಲ್ಲ. ಕೋರ್ಟಿನಲ್ಲಿ ನಾನು ಕೂತಿದ್ದೆ, ಎಲ್ಲ ನೋಡಿದೆ, ಒಂದಕ್ಷರ ಕೇಳಲಿಲ್ಲ. ನಿನ್ನ ತುಟಿ ಮೂರು ಅಕ್ಷರ ಆಡಿದ್ದು ಕಂಡಿತು. ಆಮೇಲೆ ಅಷ್ಟು ಹೊತ್ತು ಏನು ಮಾತಾಡಿದೆ? ನ್ಯಾಯಾಧೀಶರು ಬರೆಯುವುದು ನಿಲ್ಲಿಸಿ ನಿನ್ನನ್ನೇ ನೋಡುತ್ತಿದ್ದರು. ನೀನು ತಿರುಗಿ ನನ್ನತ್ತ ಕೈ ತೋರಿಸಿದೆ. ಇಡೀ ಕೋರ್ಟು ನನ್ನನ್ನು ನೋಡಿತು. ಹಳೆಯ ರೂಢಿ, ಎದ್ದು ನಿಂತೆ. ನ್ಯಾಯಾಧೀಶರು ನನ್ನತ್ತ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಯಾತಕ್ಕೆಂದು ದೇವರಾಣೆ ಗೊತ್ತಿಲ್ಲ.

ದಂಡ ಎಷ್ಟು, ಆದೇಶ ಏನು ಎಂಬುದನ್ನು ಪೂರ್ಣಿಮಾ ಬರೆದು ತೋರಿಸಿದಳು. ನಿನ್ನ ಮಾತು ಏನೆಂದು ಕೇಳಿದರೆ ಕಣ್ಣೊರೆಸಿಕೊಂಡು, “ಬುರಾನ್ ಚಾಚಾರನ್ನೇ ಕೇಳ್ರಿ” ಎಂದು ಬರೆದಳು. ದಾರಿಯುದ್ದಕ್ಕೂ ನೀನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಕಾರಿನಲ್ಲಿ ಕೂಗಿ ಹೇಳುವ ಮಾತಲ್ಲವೆಂದು ನಾನೂ ಕೇಳಲಿಲ್ಲ.

ಈಗ ಬರೆ. ಒಂದು ಮಾತೂ ಬಿಡದೆ ಬರೆ.

ನಿನ್ನ
ಗುರುಪುತ್ರಪ್ಪ


ಬೀಡಿ
13 ಆಗಸ್ಟ್ 2025

ವಕೀಲ ಸಾಹೇಬರಿಗೆ ಸಲಾಂ.

ಮ್ಯಾಜಿಸ್ಟ್ರೇಟ್ ಮ್ಯಾಡಮ್ ಮರಾಠಿಯಲ್ಲಿ ಕೇಳಿದ್ದನ್ನೂ ನಾನು ಮರಾಠಿಯಲ್ಲಿ ಅಂದದ್ದನ್ನೂ ನಮ್ಮ ಮಾತಿನಲ್ಲಿ ಬರೆಸುತ್ತೇನೆ.

ಹೆಸರು, ಊರು ಕೇಳಿ ಆದ ಮೇಲೆ ಮ್ಯಾಡಮ್ ಸಾಹೇಬರು ನೀವು ಹೇಳಿದ ಮಾತನ್ನೇ ಕೇಳಿದರು: “ಗುನ್ಹಾ ಕಬೂಲ ಆಹೇ ಕಾ?” ಪೂರ್ಣಿಮಾ ತಂಗಿ ನನ್ನ ಬಾಜೂಕ್ಕೇ ನಿಂತಿದ್ದಳು. “ನಾಹಿ” ಅನ್ನಬೇಕೆಂದೇ ಕಾರಿನಿಂದ ಇಳಿದಿದ್ದೆ. ಸುಮ್ಮನಿರುವುದು ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಹೇಳಿಕೊಂಡಿದ್ದೆ. ಆದರೆ ಆ ಪ್ರಶ್ನೆ ಕೇಳಿದಾಗ ನನ್ನ ಕಿವಿಯಲ್ಲಿ ಬಿದ್ದದ್ದು ರೇಣವ್ವನ ಪ್ರಶ್ನೆ. ಆಕೆಗೆ ಆರು ತಿಂಗಳಿಂದ ಯಾರೂ ಉತ್ತರ ಕೊಟ್ಟಿರಲಿಲ್ಲ.

“ಕಬೂಲ,” ಅಂದೆ.

ಮ್ಯಾಡಮ್ ತಲೆ ಎತ್ತಿದರು. ಮನೆಗೆ ಹೋಗುವ ಅವಸರದಲ್ಲಿ ಅನ್ನುತ್ತೀಯೋ ಹೇಗೆ, ಪರರಾಜ್ಯದವರೆಲ್ಲ ಹಾಗೇ ಅನ್ನುತ್ತಾರೆ ಎಂದರು. ನಾನು ಹೇಳಿದೆ: “ಅವಸರ ಇಲ್ರಿ ತಾಯಿ. ಆಕಿ ಬಯಲಾಗ ಇದ್ಲು. ನನಗ ಕಾಣ್ಲಿಲ್ಲ. ಎಡಗಡೆ ಕಣ್ಣ ಹೋಗೇತಿ, ಡಾಕ್ಟರ್ ಗಾಡಿ ಹೊಡೀಬ್ಯಾಡ ಅಂದಿದ್ರು. ಗೊತ್ತಿದ್ದೂ ಹೊಡೆದೆ. ಇದನ್ನ ಆಕೀಗೂ ಯಾರರೇ ಹೇಳ್ರಿ.” ಆಗ ಅವರು ಬರೆಯುವುದು ನಿಲ್ಲಿಸಿದರು.

ಲೈಸನ್ಸು ಕೇಳಿದರು. ಕಿಸೆಯಿಂದ ತೆಗೆದು ಕೊಟ್ಟೆ. ಕ್ಲರ್ಕ್ ಅದನ್ನು ಫೈಲಿಗೆ ಹಚ್ಚಿದ. ಅಷ್ಟೇ ಹೊತ್ತು. ನಲವತ್ತೊಂದು ವರ್ಷದ್ದು. ನನಗೆ ದುಃಖವಾಗಿದೆ, ಸಾಹೇಬರೆ, ಇಲ್ಲ ಅನ್ನುವುದಿಲ್ಲ. ಮನೆಗೆ ಬಂದು ಟ್ರ್ಯಾಕ್ಸಿನ ಬಾಗಿಲು ತೆಗೆದು ಒಳಗೆ ಕೂತು ಅತ್ತೆ. ಶಮಶಾದ ಹೊರಗೆ ನಿಂತಳು, ಒಳಗೆ ಬಾ ಅನ್ನಲಿಲ್ಲ. ಮರುದಿನ ಸ್ಟ್ಯಾಂಡಿನಲ್ಲಿ ಹುಡುಗರು ಎಂದಿನಂತೆ ಚಾಚಾ ಅಂತಲೇ ಕರೆದರು.

ಇನ್ನು ನೀವು ಕೇಳಿದ್ದು. ಆದೇಶ ಬರೆಯುವ ಮೊದಲು ಮ್ಯಾಡಮ್ ಕೇಳಿದರು: “ಇದನ್ನೆಲ್ಲ ಹೇಳು ಅಂತ ನಿನ್ನ ವಕೀಲರು ಹೇಳಿದರೇನು?” ನಾನು ಅಂದೆ: “ಇಲ್ರಿ. ಸುಮ್ನಿರು ಅಂತ ಬರದಿದ್ರು. ಅವರು ಹೇಳಿದ್ದು ಕಾಯದೆಪ್ರಕಾರ ಬರೋಬ್ಬರಿ ಐತಿ. ಆದ್ರ ನಮ್ಮ ವಕೀಲರಿಗೆ ಕಿವಿ ಕೇಳಸೂದಿಲ್ರಿ. ಅವರಿಗೆ ಏನ್ ಹೇಳಬೇಕಂದ್ರೂ ಬರದ ಕೊಡಬೇಕು. ಬಾಯಿಲೆ ಆದ್ರ ಸುಳ್ಳ ಹೇಳಿ ಹೋಗಿಬಿಡ್ತಿದ್ದೆ. ಬರಸೂವಾಗ ಆಗಲಿಲ್ಲ.”

“ಯಾರು ಅವರು?” ಎಂದರು. ಆಗ ನಾನು ತಿರುಗಿ ನಿಮ್ಮನ್ನು ತೋರಿಸಿದೆ. ನೀವು ಎದ್ದು ನಿಂತಿರಿ. ಕೋಟು ಹಾಕಿಕೊಂಡು ಬಂದಿದ್ದಿರಿ. ಅವರು ನಿಮಗೆ ತಲೆ ಬಾಗಿಸಿದ್ದು ನನ್ನ ಆ ಮಾತು ಕೇಳಿ.

ನಿಮ್ಮ
ಬುರಾನುದ್ದೀನ